ಸೂಕ್ತ ಮಾರ್ಗದ ಮೂಲಕ ಒಂದು ಸೀಟಿ

೧೯೬೧ನೆಯ ಇಸವಿ ಜನವರಿ ಎಂಟನೆಯ ತಾರೀಖು, ಭಾನುವಾರ, ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ, ಜಯನಗರದ ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಶ್ರೀ ಚಕ್ರಪಾಣಿಯವರು ರೆಫರಿಯನ್ನು ಕತ್ತೆ ಎಂದು ಕರೆದರು. ಇದು ಆಪಾದನೆಯಲ್ಲ, ಚಕ್ರಪಾಣಿಯವರೇ ಕಡತದ ಹನ್ನೊಂದನೆಯ ಪುಟದಲ್ಲಿ ಸಹಿ ಹಾಕಿ ದೃಢೀಕರಿಸಿರುವ ಸಂಗತಿ.

ಚಕ್ರಪಾಣಿಯವರು ದಾಖಲೆ ಮರುಪರಿಶೀಲನಾ ಇಲಾಖೆಯ ತಂಡಕ್ಕೆ ತರಬೇತುದಾರರು. ಎದುರಾಳಿ, ಬಡಾವಣೆಯ ತರುಣ ವೃಂದ. ಎರಡೂ ತಂಡಗಳಿಗೆ ನಲವತ್ತೊಂದು ಅಂಕಗಳಾಗಿ ಆಟ ಮುಗಿಯಲು ಒಂದು ನಿಮಿಷ ಉಳಿದಿದ್ದಾಗ, ಇಲಾಖೆಯ ಆಟಗಾರನೊಬ್ಬ ಚೆಂಡನ್ನು ನೆಲಕ್ಕೆ ಕುಟ್ಟದೆ, ಮದುವೆಮನೆಯಲ್ಲಿ ಹಣ್ಣಿನ ತಟ್ಟೆ ಹಿಡಿದವನಂತೆ ಐದು ಹೆಜ್ಜೆ ನಡೆದನು. ರೆಫರಿ ಸೇತುರಾಮ ಸೀಟಿ ಊದಿದನು. ಚಕ್ರಪಾಣಿಯವರು ಕುರ್ಚಿ ಬಿಟ್ಟು ಅಂಕಣದ ನಡುವಿಗೆ ಬಂದರು.

“ಕತ್ತೆ ಕಣ್ರೀ ನೀವು, ಕತ್ತೆ! ಕಣ್ಣು ಮನೇಲಿ ಬಿಟ್ಟು ಬಂದ್ರಾ?”

ತರಬೇತುದಾರನು ರೆಫರಿಯನ್ನು ನಿಂದಿಸಿದರೆ ಅದು ಫೌಲ್. ಎದುರಾಳಿಗೆ ಒಂದು ಫ್ರೀ ಥ್ರೋ, ಎಂದರೆ ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಎಸೆಯುವ ಅವಕಾಶ, ದೊರೆಯತಕ್ಕದ್ದು. ಸೇತುರಾಮ ಸೀಟಿಯನ್ನು ಬಾಯಿಗಿಟ್ಟನು. ಆದರೆ ಅದು ಸದ್ದು ಮಾಡಲಿಲ್ಲ. ಏಕೆಂದರೆ ಭಾನುವಾರದ ರೆಫರಿಯಾದ ಸೇತುರಾಮನು ಉಳಿದ ಆರು ದಿನ ಅದೇ ಇಲಾಖೆಯಲ್ಲಿ, ಅದೇ ಚಕ್ರಪಾಣಿಯವರ ಕೈಕೆಳಗೆ ಗುಮಾಸ್ತನಾಗಿದ್ದನು. ಮಾರ್ಚಿಯಲ್ಲಿ ಅವನ ಕೆಲಸ ಖಾಯಂ ಆಗಬೇಕಿತ್ತು, ಸಹಿ ಚಕ್ರಪಾಣಿಯವರದು.

“ಊದ್ರೀ, ಯಾಕೆ ನಿಲ್ಲಿಸಿದ್ರಿ?” ಎಂದರು ಚಕ್ರಪಾಣಿಯವರು. “ಆ ಹೆಜ್ಜೆ ಇಟ್ಟೋನು ಅಟೆಂಡರು. ಅವನ ಮೇಲೆ ಊದೋಕ್ಕೆ ನಿಮಗೆ ಅಧಿಕಾರ ಇದೆ. ನನ್ನ ಮೇಲೆ ಊದೋಕ್ಕೆ ಪರ್ಮಿಷನ್ ತಗೊಂಡಿದೀರಾ?”

“ಇಲ್ಲ ಸಾರ್.”

“ಮೇಲಧಿಕಾರಿ ಮೇಲೆ ಕ್ರಮ ತಗೋಬೇಕಾದ್ರೆ ಅರ್ಜಿ ಯಾರ ಮೂಲಕ ಹೋಗಬೇಕು?”

“ಮೇಲಧಿಕಾರಿ ಮೂಲಕ ಸಾರ್.”

“ಅಂದ್ರೆ?”

“ನಿಮ್ಮ ಮೂಲಕಾನೇ ಸಾರ್.”

“ಮತ್ತೆ!”

ಪಂದ್ಯಾವಳಿಯ ಕಾರ್ಯದರ್ಶಿ ಅನಂತಪದ್ಮನಾಭ ಅವರು ನಿಯಮಾವಳಿಯನ್ನು ತಿರುವಿ ಹಾಕಿ, ಆಟದ ನಿಯಮಕ್ಕೂ ಸೇವಾ ನಿಯಮಕ್ಕೂ ಘರ್ಷಣೆ ಉಂಟಾದಲ್ಲಿ ಯಾವುದಕ್ಕೆ ಪಿಂಚಣಿ ಇದೆಯೋ ಅದೇ ಊರ್ಜಿತವೆಂದು ಘೋಷಿಸಿದರು. ಉಳಿದ ಒಂದು ನಿಮಿಷವನ್ನು ಕಾಯ್ದಿರಿಸಲಾಯಿತು. ಆ ಅಂಕಣವಿರುವ ನೆಲದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದ ಬೋರಣ್ಣ ಎಂಬವರು ಬೇಲಿಯಾಚೆಯಿಂದ, “ಎತ್ತು ಮೊಂಡು ಬಿದ್ರೆ ಎತ್ತನ್ನೇ ಕೇಳ್ಕೊಂಡು ಬಾರುಕೋಲು ಎತ್ತಿದೋನಲ್ಲಪ್ಪ ನಾನು!” ಎಂದರು. ಇದನ್ನು ಸಾರ್ವಜನಿಕ ಅಭಿಪ್ರಾಯವೆಂದು ದಾಖಲಿಸಿ ಮುಕ್ತಾಯಗೊಳಿಸಲಾಯಿತು.

ಸೋಮವಾರ ಬೆಳಗ್ಗೆ ಸೇತುರಾಮನು ಅರ್ಜಿಯನ್ನು ಮೇಜಿನ ಮೇಲಿಟ್ಟನು. ಕಚೇರಿಯಲ್ಲಿ ಚಕ್ರಪಾಣಿಯವರು ಪಕ್ಷಪಾತ ಅರಿಯದವರು. ಕನ್ನಡಕ ಹಾಕಿಕೊಂಡು ಓದಿದರು.

“ಕತ್ತೆ ಅಂತ ಎಷ್ಟು ಸಲ ಅಂದೆ?”

“ಎರಡು ಸಲ ಸಾರ್.”

“ಮೂರು. ನೀವು ಆ ಕಡೆ ತಿರುಗಿದಾಗ ಇನ್ನೊಂದು ಸಲ ಅಂದೆ. ಸರಿಯಾಗಿ ವಿಚಾರಿಸದೆ ಬರೀತೀರಲ್ಲ! ಇಂಥ ಸಡಿಲ ದೂರು ಮೇಲಕ್ಕೆ ಹೋದ್ರೆ ನಮ್ಮ ಸೆಕ್ಷನ್ ಮಾನ ಏನಾಗಬೇಕು?”

ತಿದ್ದಿದ ಪ್ರತಿ ಬಂದ ಮೇಲೆ, ಅಧಿಕಾರಿ ಚಕ್ರಪಾಣಿಯವರು ತರಬೇತುದಾರ ಚಕ್ರಪಾಣಿಯವರಿಗೆ ಕಾರಣ ಕೇಳಿ ನೋಟೀಸು ಹೊರಡಿಸಿದರು. ಅದನ್ನು ಸ್ವೀಕರಿಸಲು ಎದ್ದು ಬಂದು ಮೇಜಿನ ಈಚೆ ಕಡೆಯ ಕುರ್ಚಿಯಲ್ಲಿ ಕುಳಿತರು. ಉತ್ತರಕ್ಕೆ ಹದಿನೈದು ದಿನಗಳ ಕಾಲಾವಕಾಶ ಕೋರಿದರು. ಮತ್ತೆ ಆಚೆ ಹೋಗಿ ಕುಳಿತು ಏಳು ದಿನಗಳನ್ನು ಮಾತ್ರ ಮಂಜೂರು ಮಾಡಿದರು. “ಆ ಮನುಷ್ಯನಿಗೆ ಸಲಿಗೆ ಕೊಡಬಾರದು” ಎಂದು ಸೇತುರಾಮನಿಗೆ ಗುಟ್ಟಾಗಿ ಹೇಳಿದರು.

ತ್ಯಾಗರಾಜನಗರದ ಮನೆಯಲ್ಲಿ ಸೇತುರಾಮನ ತಾಯಿ ಸೀತಮ್ಮನವರು ಮಾತ್ರ ಈ ಪ್ರಗತಿಯನ್ನು ಕಂಡು ಹರ್ಷಿಸಲಿಲ್ಲ. “ಕತ್ತೆ ಅಂದ್ರೆ ನಿನಗೇನು ಬಾಲ ಬರತ್ತೇನೋ? ನಾನು ದಿನಾ ಅಂತೀನಿ. ಕೆಲಸ ಖಾಯಂ ಆಗೋತನಕ ಬಾಯಿ ಮುಚ್ಕೊಂಡಿರೋ.”

ಮಾರ್ಚಿ ಮೊದಲನೆಯ ವಾರದಲ್ಲಿ ಸೇತುರಾಮ ಅಧಿಕಾರಿಗಳ ಮುಂದೆ ನಿಂತನು. ಮೇಜಿನ ಬಲಕ್ಕೆ ಅವನ ಖಾಯಂ ಕಡತ, ಎಡಕ್ಕೆ ಕತ್ತೆಯ ಕಡತ. “ಸಾರ್, ಆ ಅರ್ಜಿ ವಾಪಸ್ ತಗೋತೀನಿ. ತಪ್ಪಾಯ್ತು.”

ಚಕ್ರಪಾಣಿಯವರ ಮುಖ ಕೆಂಪೇರಿತು. ಅಂಕಣದಲ್ಲಿಯೂ ಅವರಿಗೆ ಅಷ್ಟು ಸಿಟ್ಟು ಬಂದಿರಲಿಲ್ಲ. “ನಂಬರ್ ಬಿದ್ದಿರೋ ಕಡತಾನ ವಾಪಸ್ ತಗೊಳ್ಳೋದಾ? ನನ್ನ ಸರ್ವೀಸಲ್ಲಿ ಅಂಥ ಅನಾಚಾರ ನಡೆದಿಲ್ಲ. ಹೋಗ್ರೀ!”

ಸೇತುರಾಮ ಮೂರು ದಿನ ಊಟ ಬಿಟ್ಟನು. ನಾಲ್ಕನೆಯ ದಿನ ಅವನ ಖಾಯಂ ಕಡತವು ಈ ಷರಾದೊಂದಿಗೆ ಹೊರಬಂತು: “ಸದರಿ ನೌಕರನು ಮೇಲಧಿಕಾರಿಯ ಮೇಲೆ ದೂರು ಕೊಡುವಾಗಲೂ ಮೇಲಧಿಕಾರಿಯ ಅಪ್ಪಣೆ ಕೇಳುವ ವಿನಯವುಳ್ಳವನು. ಇಂಥವನು ಇಲಾಖೆಯಲ್ಲಿ ಎಷ್ಟು ವರ್ಷವಿದ್ದರೂ ಯಾರಿಗೂ ತೊಂದರೆಯಿಲ್ಲ. ಖಾಯಂ ಮಾಡಬಹುದು.”

ಕತ್ತೆಯ ಕಡತವು ಮೇಲಕ್ಕೆ ಹೋಗಿ, ಕೆಳಕ್ಕೆ ಬಂದು, ಒಂದು ಮಳೆಗಾಲ ಕಪಾಟಿನಲ್ಲಿ ಕಳೆದು, ೧೯೬೩ನೆಯ ನವೆಂಬರಿನಲ್ಲಿ ಮಂಜೂರಾಯಿತು. ಶ್ರೀ ಚಕ್ರಪಾಣಿಯವರ ಮೇಲೆ ಒಂದು ಸೀಟಿಯನ್ನು, ಮಧ್ಯಮ ಧ್ವನಿಯಲ್ಲಿ, ಒಂದು ಬಾರಿಗೆ ಮೀರದಂತೆ ಊದತಕ್ಕದ್ದು.

ಹತ್ತನೆಯ ತಾರೀಖು ಭಾನುವಾರ ಬಡಾವಣೆಯವರೆಲ್ಲ ನೆರೆದರು. ಮಾಜಿ ಆಟಗಾರರಲ್ಲಿ ಕೆಲವರಿಗೆ ಹೊಟ್ಟೆ ಬಂದಿತ್ತು. ಈಗ ಮೇಲಿನ ದರ್ಜೆಗೆ ಬಡ್ತಿ ಹೊಂದಿದ್ದ ಸೇತುರಾಮನು ಆದೇಶವನ್ನು ಓದಿ, ಸೀಟಿ ಊದಿದನು. ಚಕ್ರಪಾಣಿಯವರು ಎದ್ದು ನಿಂತು ಅದನ್ನು ಸ್ವೀಕರಿಸಿ ಸಹಿ ಹಾಕಿದರು. ಜನರು ಚಪ್ಪಾಳೆ ತಟ್ಟಿದರು. ಇನ್ನು ತರುಣ ವೃಂದದ ಕೊಟ್ರಪ್ಪನು ಫ್ರೀ ಥ್ರೋ ಎಸೆಯುವುದಷ್ಟೇ ಉಳಿದಿತ್ತು.

ಕೊಟ್ರಪ್ಪ ಚೆಂಡು ಹಿಡಿದು ಗೆರೆಯ ಬಳಿ ನಿಂತನು. ಎಸೆಯಲಿಲ್ಲ.

“ಎಸಿಯಪ್ಪ, ಹೊತ್ತು ಮುಳುಗ್ತದೆ!” ಎಂದರು ಬೋರಣ್ಣ.

“ಹೆಂಗೆ ಎಸೀಲಿ ಯಜಮಾನ್ರೇ? ಹೋದ ತಿಂಗಳು ನಾನೂ ಇಲಾಖೆಗೆ ಸೇರಿದೆ. ಇವರದೇ ಸೆಕ್ಷನ್ನು. ಸಾಹೇಬರ ತಂಡದ ಮೇಲೆ ಪಾಯಿಂಟ್ ಹೊಡೀಬೇಕಾದ್ರೆ...”

ಕೊಟ್ರಪ್ಪ ಚುರುಕಾದ ಹುಡುಗ. ಚೆಂಡನ್ನು ಕಂಕುಳಲ್ಲಿ ಅವುಚಿ, ಚಡ್ಡಿಯ ಜೇಬಿನಿಂದ ಮೂರು ಪ್ರತಿಗಳಲ್ಲಿ ಬರೆದ ಅರ್ಜಿಯನ್ನು ತೆಗೆದು, ತನ್ನ ನೇರ ಮೇಲಧಿಕಾರಿಯಾದ ಸೇತುರಾಮನಿಗೆ ಎರಡೂ ಕೈಗಳಿಂದ ಸಲ್ಲಿಸಿದನು. ಚಕ್ರಪಾಣಿಯವರ ಕಣ್ಣುಗಳು ತುಂಬಿ ಬಂದವು.

ಸೇತುರಾಮ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಅರ್ಜಿಯನ್ನು ನಿಧಾನವಾಗಿ, ಆದ್ಯಂತವಾಗಿ ಓದಿದನು.

“ಮಾರ್ಜಿನ್ ಸಾಲದು ಕಣ್ರೀ,” ಎಂದನು. “ಬೇರೆ ಬರ್ಕೊಂಡು ನಾಳೆ ಬನ್ನಿ.”

ಒಂದು ನಿಮಿಷವನ್ನು ಪುನಃ ಕಾಯ್ದಿರಿಸಲಾಯಿತು. ಸಭಿಕರು ಶಿಸ್ತಿನಿಂದ ಎದ್ದು ಮನೆಗೆ ತೆರಳಿದರು.