ನೆಂಟರಿಗೆಲ್ಲ ನಾನು ಟ್ಯಾಗು ಅಂಟಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ವಂಶದ ವೆಬ್‌ಸೈಟು ಕಟ್ಟಿದವನು ನಾನು. ಮರಳೂರಿನಲ್ಲಿ ರಿಟೈರ್ ಆಗಿ ಕೂತವರಲ್ಲಿ ಎಷ್ಟು ಜನ ಈ ಮಾತು ಹೇಳಬಲ್ಲರು? ನಮ್ಮ ಬೀದಿಯಲ್ಲಂತೂ ಒಬ್ಬರೂ ಇಲ್ಲ. ವಿಚಾರಿಸಿದ್ದೇನೆ!

ವಿಡಿಯೋ ನೋಡಿ ನೋಡಿಯೇ ಕಲಿತೆ. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂದು ಅದಕ್ಕೆ ಹೆಸರು. ಅದರ ಜೀವಾಳವೇ ಟ್ಯಾಗು. ಟ್ಯಾಗು ಎಂದರೆ ಏನಿಲ್ಲ, ಮೈಮೇಲೆ ಅಂಟಿಸುವ ಚೀಟಿ. ಯಾರಿಗೆ ಯಾವ ಚೀಟಿ ಬೇಕಾದರೂ ಅಂಟಿಸಬಹುದು, ಕೇಳುವವರಿಲ್ಲ. ನಾನು ಅತ್ತೆ, ಮಾವ, ತಮ್ಮ, ಮೊಮ್ಮಕ್ಕಳು ಎಂದು ಚೀಟಿ ಮಾಡಿಕೊಂಡು ಊರ್ಡಿಗೆರೆಯಿಂದ ಹಾಗಲವಾಡಿವರೆಗೆ ಹಬ್ಬಿದ್ದ ನೆಂಟರಿಗೆಲ್ಲ ಅಂಟಿಸಿದೆ. ‘ತಮ್ಮನ ಮಕ್ಕಳು’ ಎಂಬ ಚೀಟಿ ಇರುವವರೆಲ್ಲ ಒಬ್ಬರಿಗೊಬ್ಬರು ಅಣ್ಣ-ತಂಗಿ ತಾನೆ? ಅದಕ್ಕಾಗಿ ಪ್ರತಿಯೊಬ್ಬರ ಪುಟದ ಕೆಳಗೆ ‘ಇವರ ಒಡಹುಟ್ಟಿದವರು’ ಎಂಬ ಡಬ್ಬಿ ತಾನಾಗಿಯೇ ಮೂಡುವಂತೆ ಮಾಡಿದೆ. ಆ ಡಬ್ಬಿ ಮೂಡಿದ್ದು ನೋಡಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಸೈಟಿನ ನೆತ್ತಿಯ ಮೇಲೆ ‘ಮೂಲ ಹುಡುಕಿ ಬರೆದದ್ದು, ಒಂದಕ್ಷರ ಸುಳ್ಳಿಲ್ಲ’ ಎಂದೂ ಹಾಕಿದೆ.

ಅದೇ ಸಮಯಕ್ಕೆ ಗುಬ್ಬಿಯಲ್ಲಿರುವ ನನ್ನ ತಮ್ಮ ಶಿವಣ್ಣನ ಮಗಳು ರೂಪಾಳಿಗೆ ಗಂಡು ಗೊತ್ತಾಯಿತು. ಗೊತ್ತು ಮಾಡಿದವನೂ ನಾನೇ! ಹುಡುಗ ಚೇತನ್, ಕುಣಿಗಲ್‌ನ ಬಸವರಾಜುವಿನ ಮಗ. ಬಸವರಾಜು ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲು, ಸರ್ವೀಸು ಪೂರ್ತಿ ನನ್ನನ್ನು ಅಣ್ಣಾ ಅಣ್ಣಾ ಎಂದೇ ಕರೆದವನು. ಹೊಸ ಬೀಗರಿಗೆ ಗೌರವ ಇರಲಿ ಎಂದು ಅವರ ಮನೆಯವರನ್ನೂ ಸೈಟಿಗೆ ಸೇರಿಸಿದೆ. ಬಸವರಾಜುವಿಗೆ ಯಾವ ಚೀಟಿ? ನನ್ನನ್ನು ಅಣ್ಣ ಎನ್ನುವವನು ತಮ್ಮನಲ್ಲದೆ ಇನ್ನೇನು? ಅವನಿಗೆ ‘ತಮ್ಮ’, ಚೇತನ್‌ಗೆ ‘ತಮ್ಮನ ಮಕ್ಕಳು’ ಎಂದು ಅಂಟಿಸಿದೆ. ಲಿಂಕನ್ನು ಎಲ್ಲರ ಮೊಬೈಲಿಗೂ ಕಳಿಸಿ, ಹೊಗಳಿಕೆಗೆ ಕಾಯುತ್ತ ಕುಳಿತೆ.

ಮೊದಲ ಫೋನು ಬಸವರಾಜುವಿನದು. “ಅಣ್ಣಾ, ಅಮ್ಮ ನಿಶ್ಚಿತಾರ್ಥನೇ ಬ್ಯಾಡ ಅಂತಾವ್ರೆ.”

ಅಷ್ಟರಲ್ಲಿ ಅವನ ತಾಯಿ ಗಂಗಮ್ಮನವರೇ ಫೋನು ಕಿತ್ತುಕೊಂಡರು. “ಏನಪ್ಪಾ ರುದ್ರೇಶಪ್ಪಾ, ಅಣ್ಣ-ತಂಗೀಗೆ ಮದ್ವೆ ಮಾಡಕ್ಕೆ ಹೊಂಟಿದ್ದೀಯಾ?”

ಸೈಟು ತೆರೆದು ನೋಡಿದೆ. ಚೇತನ್ ಪುಟದ ಕೆಳಗೆ ನನ್ನ ಹೆಮ್ಮೆಯ ಡಬ್ಬಿ. ‘ಇವರ ಒಡಹುಟ್ಟಿದವರು: ರೂಪ’.

“ಅಯ್ಯೋ, ಅದು ಸುಮ್ನೆ ಅಂಟ್ಸಿದ್ದು ಅಮ್ಮಾ! ನಮಗೂ ನಿಮಗೂ ಯಾವ ನೆಂಟಸ್ತನಾನೂ ಇಲ್ಲ.”

“ಸುಮ್ನೆ ಯಾಕೆ ಅಂಟುಸ್ತೀಯಾ? ಮೂಲ ಹುಡುಕಿದೀನಿ, ಒಂದಕ್ಷರ ಸುಳ್ಳಿಲ್ಲ ಅಂತ ನೀನೇ ಬರ್ದಿದ್ದೀಯಲ್ಲಪ್ಪಾ! ಓದಿದೋನು ನೀನು. ನಮ್ಗೆ ಗೊತ್ತಿಲ್ದೇ ಇರೋ ಹಳೇ ಸಂಬಂಧ ಏನೋ ಸಿಕ್ಕಿರ್ಬೇಕು. ವರಸೆ ಕೂಡಲ್ಲ ಅಂದ್ಮೇಲೆ ಬುಡು.” ಫೋನು ಕಟ್ಟಾಯಿತು. ನನ್ನ ಪಾಂಡಿತ್ಯದ ಮೇಲೆ ಇಷ್ಟು ನಂಬಿಕೆ ಇಟ್ಟವರು ಇನ್ನೊಬ್ಬರಿಲ್ಲ. ಇಡಬೇಕಾದ ಹೊತ್ತು ಮಾತ್ರ ಇದಲ್ಲ!

ಬೆನ್ನಿಗೇ ರೂಪ ಫೋನು ಮಾಡಿದಳು. “ದೊಡ್ಡಪ್ಪಾ, ಏನ್ ಮಾಡಿಬಿಟ್ರಿ?” ಎಂದವಳೇ ಫೋನಿಟ್ಟಳು. ಮಗುವಿಗೆ ಆ ಹುಡುಗ ಮನಸ್ಸಿಗೆ ಬಂದಿದ್ದ.

ಸರಿ, ‘ತಮ್ಮ’ ಎಂಬ ಚೀಟಿಯನ್ನೇ ಅಳಿಸಿಬಿಡೋಣ ಎಂದು ಡಿಲೀಟ್ ಒತ್ತಿದೆ. ಇದರಲ್ಲಿರುವವರನ್ನು ಎಲ್ಲಿಗೆ ಸೇರಿಸಲಿ ಎಂದು ಅದು ಕೇಳಿತು. ಗಾಬರಿಯಲ್ಲಿ ಓದದೆಯೇ ಓಕೆ ಎಂದೆ. ಕಾಫಿ ಕುಡಿಯುವಷ್ಟರಲ್ಲಿ ಶಿವಣ್ಣನ ಫೋನು. “ಅಣ್ಣಾ, ನಾನೂ ಬಸವರಾಜೂನೂ ಈಗ ನಿನ್ ಮೊಮ್ಮಕ್ಕಳಂತೆ ಕಣೋ!” ಬಸವರಾಜುವಿನ ಫೋಟೊ, ಆ ಗಿರಿಜಾಮೀಸೆ ಸಮೇತ, ನನ್ನ ಮೊಮ್ಮಗಳ ನಾಮಕರಣದ ಫೋಟೊ ಪಕ್ಕದಲ್ಲಿ ರಾರಾಜಿಸುತ್ತಿತ್ತು.

ಶಿವಣ್ಣನನ್ನು ಹೇಗೋ ಮತ್ತೆ ತಮ್ಮನನ್ನಾಗಿ ಮಾಡಿದೆ. ಬಸವರಾಜುವಿಗೆ ಏನಂಟಿಸುವುದು? ಗಂಗಮ್ಮನವರಿಗೆ ವರಸೆ ಕೂಡಿದರೆ ಸಾಕಲ್ಲ! ನನ್ನ ಹೆಂಡತಿ ರೂಪಾಳಿಗೆ ದೊಡ್ಡಮ್ಮ, ಅವಳ ಅಣ್ಣನ ಮಗ ಸೋದರಮಾವನ ಮಗನ ವರಸೆ, ಹೇಳಿ ಮಾಡಿಸಿದ ಸಂಬಂಧ. ‘ಭಾವಮೈದ’ ಎಂದು ಅಂಟಿಸಿ, ನಾನು ಸಾಮಾನ್ಯನಲ್ಲ ಎಂದುಕೊಂಡು, ಹೆಂಡತಿ ಗೌರಮ್ಮನನ್ನು ಕರೆದು ತೋರಿಸಿದೆ.

“ನಮ್ಮಪ್ಪಂಗೆ ನಾನೊಬ್ಳೇ ಮಗಳು. ಈ ಮೀಸೆಯೋನು ಎಲ್ಲಿಂದ ಬಂದ?”

“ನಾನೇ ತಂದಿದ್ದು. ಟ್ಯಾಗು ಕಣೇ, ಬರೀ ಟ್ಯಾಗು.”

“ನಿಮ್ ಟ್ಯಾಗಿಗೆ ಬೆಂಕಿ ಹಾಕ. ನಡೀರಿ ಕುಣಿಗಲ್‌ಗೆ. ಅಲ್ಲಿ ನೀವು ಬಾಯಿ ತೆಗೀಬಾರ್ದು.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡು ಅಭ್ಯಾಸ ಮಾಡಿದೆ.

ಗಂಗಮ್ಮನವರು ಜಗುಲಿಯಲ್ಲೇ ಕೂತಿದ್ದರು. ನನ್ನತ್ತ ತಿರುಗಿಯೂ ನೋಡದೆ ಗೌರಮ್ಮನನ್ನು ಕೇಳಿದರು. “ನೀನೇಳವ್ವಾ, ನನ್ ಮಗ ನಿಂಗೆ ಏನಾಗ್ಬೇಕು?”

“ಅಣ್ಣ ಆಗ್ಬೇಕು.”

“ಯಾವಾಗಿಂದ?”

“ಇವತ್ತು ಬೆಳಿಗ್ಗೆಯಿಂದ. ಇವ್ರು ಕಂಪ್ಯೂಟರಲ್ಲಿ ಏನ್ ಬರ್ದ್ರೋ ನಂಗೊತ್ತಿಲ್ಲ ಅಮ್ಮಾ. ಎಲ್ರಿಗೂ ಗೌರಿ ಹಬ್ಬಕ್ಕೆ ತವರಿಂದ ಬಾಗಿನ ಬರೋದು, ನಾನು ಬಾಗಿಲು ನೋಡ್ಕೊಂಡು ಕೂತಿರೋಳು. ಅಣ್ಣ ಅಂತ ಒಬ್ರನ್ನ ಬರ್ದಿದ್ದು ನೋಡಿ ಮೊದ್ಲು ಬೈದೆ. ಆಮೇಲೆ, ಇದ್ದಿದ್ರೆ ಚೆನ್ನಾಗಿತ್ತು ಅನ್ನಿಸ್ತು.”

ಇದು ನನಗೂ ಹೊಸದು. ಇಷ್ಟು ವರ್ಷ ಸಂಸಾರ ಮಾಡಿದರೂ ಆ ಬಾಗಿಲು ನೋಡುವುದನ್ನು ನಾನು ಕಂಡಿರಲಿಲ್ಲ. ಬಸವರಾಜು ಕಣ್ಣೊರೆಸಿಕೊಂಡ. ಗಂಗಮ್ಮನವರು ಎದ್ದು ಒಳಗೆ ಹೋದರು. ಅಕ್ಕಿ, ಬೆಲ್ಲ, ಕೊಬ್ಬರಿ, ಒಂದು ರವಿಕೆ ಕಣ ತಂದು ಗೌರಮ್ಮನಿಗೆ ಮಡಿಲು ತುಂಬಿದರು. “ಮಗಳು ಮನೆಗೆ ಬಂದ್ಲು. ವರಸೆ ಕೂಡ್ತು ಬುಡು” ಎಂದರು. ನಾನು ಏನೋ ಹೇಳಲು ಹೋದೆ. ಗೌರಮ್ಮ ಕಣ್ಣು ಬಿಟ್ಟಳು. ಸುಮ್ಮನಾದೆ.

ನಿಶ್ಚಿತಾರ್ಥ ಗುಬ್ಬಿಯಲ್ಲಿ ಭರ್ಜರಿಯಾಗಿ ನಡೆಯಿತು. ನಾನಿಲ್ಲದಿದ್ದರೆ ಈ ಸಂಬಂಧವೂ ಇಲ್ಲ, ನನ್ನ ಹೆಂಡತಿಗೆ ತವರೂ ಇಲ್ಲ ಎಂದು ಪಂಕ್ತಿಯಲ್ಲಿ ಅಕ್ಕಪಕ್ಕದವರಿಗೆಲ್ಲ ತಿಳಿಸಿದೆ. ಮಾರನೇ ದಿನ ಫೋಟೊಗಳನ್ನು ಸೈಟಿಗೆ ಏರಿಸಿದೆ. ಯಾರ ಫೋಟೊ ಅವರವರ ಚೀಟಿಯ ಅಡಿಗೆ ತಾನೇ ಹೋಗಿ ಕೂರುವ ವ್ಯವಸ್ಥೆ. ಅದೂ ನನ್ನದೇ!

ನನ್ನ ಫೋಟೊ ಮಾತ್ರ ಎಲ್ಲೂ ಇಲ್ಲ. ಅಣ್ಣ, ಮಾವ, ದೊಡ್ಡಪ್ಪ, ಎಲ್ಲ ಕಡೆ ಹುಡುಕಿದೆ. ಆಮೇಲೆ ಹೊಳೆಯಿತು. ಎಲ್ಲರೂ ನನಗೆ ಏನಾಗಬೇಕೆಂದು ಬರೆದಿದ್ದೆನೇ ಹೊರತು, ನಾನು ಯಾರಿಗಾದರೂ ಏನಾದರೂ ಆಗಬೇಕೆಂದು ಬರೆದಿರಲೇ ಇಲ್ಲ. ಕೊನೆಗೆ ಸಿಕ್ಕಿತು. ಚೀಟಿ ಇಲ್ಲದವನ್ನು ಸಿಸ್ಟಮ್ಮು ತಾನಾಗಿಯೇ ‘ಇತರೆ’ ಎಂಬ ಮೂಲೆಗೆ ಹಾಕಿತ್ತು. ಅಲ್ಲಿ ಸಾಂಬಾರಿನ ಕೊಳದಪ್ಪಲೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ರಾಶಿ, ಮತ್ತು ನಾನು.

“ಗೌರಾ, ಬಾ ಇಲ್ಲಿ, ನೋಡು!” ಎಂದು ಕೂಗಿದೆ. ಅವಳು ಅಣ್ಣನ ಜೊತೆ ಫೋನಿನಲ್ಲಿದ್ದಳು, ಬರಲಿಲ್ಲ. ಬರದಿದ್ದರೇನು, ‘ಇತರೆ’ಯಲ್ಲಿ ಮೊದಲನೇ ಫೋಟೊ ನನ್ನದೇ!