ಹಲಸಿನ ಮರಕ್ಕೆ ಜಾಮೀನು

ನಮ್ಮ ಸೋದರಮಾವ ದಿನಾ ಬೆಳಿಗ್ಗೆ ಕಾಫಿ ಕುಡಿದು, ಮಚ್ಚು ಹಿಡಿದು, ಹಿತ್ತಿಲಿಗೆ ಹೋಗಿ ಒಂದು ಹಲಸಿನ ಮರಕ್ಕೆ ಕೊಲೆ ಬೆದರಿಕೆ ಹಾಕುತ್ತಾರೆ. ನಗಬೇಡಿ, ನಿಜ! "ಇವತ್ತು ನಿನ್ನ ಬಿಡಲ್ಲ, ಬುಡ ಸಮೇತ ಕಡ್ದು ಸೌದೆ ಮಾಡ್ತೀನಿ" ಎಂದು ಹಿಂದಿನ ಬೀದಿಯಲ್ಲಿರುವ ನಮ್ಮ ಮನೆಗೂ ಕೇಳಿಸುವಂತೆ ಕೂಗುತ್ತಾರೆ. ನಮ್ಮ ಮಹಡಿಗೆ ಬಾಡಿಗೆಗೆ ಬಂದವರು ಮೊದಲ ದಿನವೇ ಗಾಬರಿಯಾಗಿ ಕೆಳಗಿಳಿದು ಬಂದಿದ್ದರು. "ಏನ್ರಿ ಮೇಡಂ, ಅಲ್ಲಿ ಯಾರನ್ನೋ ಕಡೀತಿದಾರೆ!" "ಯಾರನ್ನೂ ಇಲ್ಲ, ಮರಾನ. ಅದನ್ನೂ ಕಡಿಯಲ್ಲ. ಕುಂತ್ಕಳ್ರಿ, ಕಾಫಿ ಕುಡೀರಿ" ಎಂದೆ. ಕಾಫಿ ಕುಡಿದು ಹೋದರು. ನಮ್ಮ ವಂಶದ ಬಗ್ಗೆ ಅವರ ಮನಸ್ಸಿನಲ್ಲಿ ಏನು ಮೂಡಿತೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ.

ಈ ಮಾವ ಕೆಲಸದಲ್ಲಿದ್ದದ್ದು ಕರೆಂಟ್ ಆಫೀಸಿನಲ್ಲಿ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಅಂತ ಸುತ್ತಿ, ತಂತಿಗೆ ತಾಗುತ್ತವೆ ಅನ್ನುವ ಒಂದೇ ಅಪರಾಧಕ್ಕೆ ಜಿಲ್ಲೆಯ ಮರಗಳ ಕೊಂಬೆಗಳನ್ನೆಲ್ಲ ಉರುಳಿಸಿದವರು. ಬೇವು, ಹುಣಸೆ, ಹೊಂಗೆ ಯಾವುದಕ್ಕೂ ದಯೆ ತೋರಿಸಿದವರಲ್ಲ. ಅಂಥವರು ರಿಟೈರಾದ ಮೇಲೆ ಏನು ಮಾಡಿದರು? ಗಿಡಗಳಿಗೆ ಡಾಕ್ಟರಾದರು! ಬೆಕ್ಕು ಇಲಿಗಳಿಗೆ ಔಷಧಿ ಕೊಡಲು ಕೂತ ಹಾಗೆ. ಕೇಳಿದರೆ ಉತ್ತರ ಸಿದ್ಧವಾಗಿತ್ತು: "ನೀವೆಲ್ಲ ಮರಾನ ಕೆಳಗಿಂದ ನೋಡಿದೀರಿ. ನಾನು ಮೇಲಿಂದ ನೋಡಿದೀನಿ."

ಬೆಳಿಗ್ಗೆ ಹೊತ್ತು ಅವರ ಮನೆ ಜಗಲಿಯ ಬೆಂಚು ತುಂಬಿರುತ್ತಿತ್ತು. ಒಬ್ಬರ ಕೈಯಲ್ಲಿ ಸುರುಳಿಯಾದ ಎಲೆ, ಇನ್ನೊಬ್ಬರ ಕೈಯಲ್ಲಿ ಉದುರಿದ ಹೂವು, ಮತ್ತೊಬ್ಬರ ಮೊಬೈಲಿನಲ್ಲಿ ಗುಲಾಬಿ ಗಿಡದ ಫೋಟೋ. ಫೋಟೋ ಕಂಡರೆ ಮಾವನಿಗೆ ಆಗುತ್ತಿರಲಿಲ್ಲ. "ಜ್ವರ ಬಂದೋರು ಡಾಕ್ಟ್ರಿಗೆ ಫೋಟೋ ಕಳಿಸ್ತಾರೇನ್ರಿ? ಮಣ್ಣು ತರ್ರಿ, ಮೂಸಿ ನೋಡ್ಬೇಕು" ಎನ್ನುತ್ತಿದ್ದರು. ಜನ ನಿಜವಾಗಿಯೂ ಮಣ್ಣು ತರುತ್ತಿದ್ದರು. ನಮ್ಮ ಅತ್ತೆ, ಅಂದರೆ ಅವರ ಹೆಂಡತಿ, ಜಗಲಿ ಗುಡಿಸಿ ಗುಡಿಸಿ ಸುಸ್ತಾಗುತ್ತಿದ್ದರು. "ಇವರ ಡಾಕ್ಟರ್‌ಗಿರಿಯಿಂದ ಬೇರೆಯೋರ ಗಿಡ ಬದುಕ್ತವೆ, ನನ್ನ ಸೊಂಟ ಸಾಯ್ತೈತೆ" ಎಂದು ಗೊಣಗುತ್ತಲೇ ಬಂದವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದರು.

ಒಮ್ಮೆ ಮಾವನ ಬೀದಿಯ ಕೊನೆ ಮನೆಯ ಟೀಚರ್ ಒಂದು ಮನಿಪ್ಲಾಂಟಿನ ಕುಂಡವನ್ನು ಮಗುವಿನಂತೆ ಎತ್ತಿಕೊಂಡು ಬಂದರು. ಎಲೆಯೆಲ್ಲ ಹಳದಿ, ಬಳ್ಳಿ ಮೆತ್ತಗೆ. "ದಿನಾ ಎರಡು ಸಲ ನೀರು ಹಾಕ್ತೀನಿ ಸಾರ್. ಟಾನಿಕ್ ಹಾಕಿದೀನಿ. ಎಲೆ ಒಂದೊಂದೇ ಒರೆಸ್ತೀನಿ. ಆದ್ರೂ ಹಿಂಗಾತು."

ಮಾವ ಕುಂಡಕ್ಕೆ ಬೆರಳು ಇಳಿಸಿದರು. ಬೆರಳು ಗದ್ದೆಗೆ ಇಳಿದಂತೆ ಇಳಿಯಿತು. "ನಿಮ್ಮ ಯಜಮಾನ್ರು ಏನು ಮಾಡ್ತಾರೆ?"

"ಅವರಾ? ಅವರಿಗೆ ಮನೇಲಿ ಗಿಡ ಐತೆ ಅನ್ನೋದೇ ನೆನಪಿರಲ್ಲ ಸಾರ್."

"ಹಂಗಾದ್ರೆ ಇದನ್ನ ಅವರ ಕೈಗೆ ಕೊಡ್ರಿ. ನೀವು ಮುಟ್ಟಬ್ಯಾಡ್ರಿ. ಬೇರು ಕೊಳೀತೈತೆ. ಮಣ್ಣು ಒಣಗಿದ ಮೇಲೇ ನೀರು. ಅವರು ಮರೀತಾರೆ, ಗಿಡ ಬದುಕ್ಕಂತೈತೆ."

ಬದುಕಿತು! ಈಗ ಆ ಬಳ್ಳಿ ಅವರ ಮನೆಯ ಕಿಟಕಿ ದಾಟಿ ಕರೆಂಟ್ ಮೀಟರಿನವರೆಗೆ ಹೋಗಿದೆ. ಏನೂ ಮಾಡದೆ ಹೊಗಳಿಸಿಕೊಂಡ ಜಗತ್ತಿನ ಏಕೈಕ ಗಂಡ ಅವರೇ ಇರಬೇಕು.

ಹೊಳಲ್ಕೆರೆಯ ಅಡಿಕೆ ವ್ಯಾಪಾರಿಯೊಬ್ಬರದು ಬೇರೆ ಕಥೆ. ಹೊಸ ಮನೆ ಕಟ್ಟಿಸಿ, ಮುಂದೆ ಲಾನ್ ಮಾಡಿಸಿದ್ದರು. ಅದು ಅಲ್ಲಲ್ಲಿ ಬೋಳಾಗಿ, ಗಜಕರ್ಣ ಹತ್ತಿದ ತಲೆಯಂತೆ ಕಾಣುತ್ತಿತ್ತು. ಕಾರು ಕಳಿಸಿ ಮಾವನನ್ನು ಕರೆಸಿಕೊಂಡರು, ನಾನೂ ಜೊತೆಗೆ ಹೋಗಿದ್ದೆ. ಮಾವ ಚಪ್ಪಲಿ ಬಿಟ್ಟು ಲಾನಿನ ನಡುವೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಸಾಹುಕಾರರ ಮುಖ ಬಿಳುಚಿತು. "ಅಯ್ಯೋ, ಅದರ ಮ್ಯಾಲೆ ಯಾರನ್ನೂ ಕೂರ್ಸಲ್ಲ ಸಾರ್, ಹಾಳಾಗ್ತೈತೆ."

"ಯಾರೂ ಕೂರಲ್ವಾ? ಎಮ್ಮೆ ಐತಾ?"

"ಇಲ್ಲ."

"ಕೂರಾಕೂ ಇಲ್ಲ, ಮೇಸಾಕೂ ಇಲ್ಲ. ಹುಲ್ಲಿಗಾದ್ರೂ ಬೇಜಾರಾಗಲ್ವಾ ಸಾಹುಕಾರ್ರೆ?"

ಆಮೇಲೆ ನಿಜವಾದ ಕಾರಣ ಹೇಳಿದರು. ತಿರುಪತಿ ಮುಡಿ ಕೊಟ್ಟ ಹಾಗೆ ಬುಡದವರೆಗೆ ಹುಲ್ಲು ಕತ್ತರಿಸಿದರೆ ನಮ್ಮ ಕಡೆಯ ಬಿಸಿಲು ನೇರ ಬೇರಿಗೇ ಹೊಡೆಯುತ್ತದೆ. ಸ್ವಲ್ಪ ಎತ್ತರ ಬಿಡಬೇಕು, ದಿನಾ ಚಿಮುಕಿಸುವ ಬದಲು ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವಂತೆ ನೀರು ಕೊಡಬೇಕು, ಮರದ ನೆರಳು ಬೀಳುವ ಕಡೆ ಹುಲ್ಲಿನ ಆಸೆಯನ್ನೇ ಬಿಡಬೇಕು. "ಎಷ್ಟು ದಿನಕ್ಕೆ ಸರಿಯಾಗ್ತೈತೆ?" ಎಂದು ಸಾಹುಕಾರರು ಕೇಳಿದ್ದಕ್ಕೆ ಮಾವನ ಖಾಯಂ ಉತ್ತರ ಬಂತು: "ಕಾಯ್ರಿ. ಬೇರು ಒಳಗೆ ಕೆಲಸ ಮಾಡ್ತಿರ್ತೈತೆ. ಮ್ಯಾಲೆ ಕಾಣಲ್ಲ ಅಷ್ಟೇ."

ಯಾರು ಏನೇ ಕೇಳಲಿ, ಕೊನೆಗೆ ಈ 'ಕಾಯ್ರಿ' ಇದ್ದೇ ಇರುತ್ತಿತ್ತು. ನಿಂಬೆ ಹೂವು ಉದುರುತ್ತದೆಯೇ? ಒಂದು ದಿನ ಕೆರೆ, ಒಂದು ದಿನ ಬರ ಮಾಡಬೇಡಿ, ಒಂದೇ ಸಮ ನೀರು ಕೊಡಿ, ಕಾಯ್ರಿ. ಪರಂಗಿ ಬರೀ ಹೂವಿನ ಗೊಂಚಲು ಬಿಡುತ್ತದೆಯೇ? ಅದು ಗಂಡು ಗಿಡ, ಅದಕ್ಕೆ ಮಾತ್ರ ಕಾಯಬೇಡ್ರಿ!

ಇನ್ನು ಏನು ಮಾಡಿದರೂ ಕಾಯಿ ಬಿಡದ ಮೊಂಡು ಮರಗಳಿಗೆ ಮಾವನ ಬಳಿ ಕೊನೆಯ ಮದ್ದೊಂದಿತ್ತು, ಹೆದರಿಸುವುದು. ಹಳಬರಿಗೆ ಇದು ಗೊತ್ತು. ಒಬ್ಬರು ಮಚ್ಚು ಎತ್ತಿ "ಕಡೀತೀನಿ" ಅನ್ನಬೇಕು, ಇನ್ನೊಬ್ಬರು ಅಡ್ಡ ಬಂದು ಬೇಡವೆಂದು ಬೇಡಿಕೊಳ್ಳಬೇಕು. ಮರ ಅದನ್ನು ಕೇಳಿಸಿಕೊಂಡು, ಬುದ್ಧಿ ಬಂದು, ಆ ವರ್ಷ ಕಾಯಿ ಬಿಡುತ್ತದೆ. ಮಾವ ಮೊದಲೇ ಬುಡದ ಮಣ್ಣು ಸಡಿಲಿಸಿ, ಅತಿಯಾದ ಯೂರಿಯಾ ನಿಲ್ಲಿಸಿ, ಕೊಟ್ಟಿಗೆ ಗೊಬ್ಬರ ಹಾಕಿಸಿ ಆಮೇಲೆಯೇ ಹೆದರಿಸುತ್ತಿದ್ದರು ಅನ್ನುವುದು ಬೇರೆ ಮಾತು. "ಬರೀ ಗೊಬ್ಬರ ಸಾಕಲ್ವಾ ಮಾವ?" ಎಂದರೆ, "ಬರೀ ಅನ್ನ ಹಾಕಿದ್ರೆ ಮಕ್ಕಳು ಓದ್ತಾವೇನವ್ವ?" ಎನ್ನುತ್ತಿದ್ದರು.

ಅಡ್ಡ ಬರುವ ಪಾತ್ರ ಯಾವಾಗಲೂ ಅತ್ತೆಯದು. ಮಾವ ಮಚ್ಚು ಎತ್ತಿದ ಕೂಡಲೇ ಸೆರಗು ಸಿಕ್ಕಿಸಿಕೊಂಡು ಓಡಿ ಬಂದು, "ಬ್ಯಾಡ್ರಿ, ಕಡೀಬ್ಯಾಡ್ರಿ! ಈ ವರ್ಷ ಬಿಡ್ತೈತೆ, ನಾನು ಜಾಮೀನು!" ಎನ್ನುತ್ತಿದ್ದರು. "ನೀನು ಜಾಮೀನಾ?" ಎಂದು ಮಾವ ಗದರಬೇಕು. "ಹೂಂ, ನಾನೇ" ಎಂದು ಅತ್ತೆ ಎದೆ ಮುಟ್ಟಿಕೊಳ್ಳಬೇಕು. ಆಮೇಲೆ ಮಚ್ಚು ಕೆಳಗಿಟ್ಟು ಬುಡಕ್ಕೆ ಒಂದು ಬಿಂದಿಗೆ ನೀರು. ಒಂದು ಕಟ್ಟುನಿಟ್ಟಿನ ನಿಯಮವೂ ಇತ್ತು. ವರ್ಷಕ್ಕೆ ಒಂದೇ ಸಲ, ಅದೂ ಅಮಾವಾಸ್ಯೆಯ ದಿನ. "ಪದೇ ಪದೇ ಹೆದರಿಸಿದ್ರೆ ಮರ ಮೊಂಡು ಬೀಳ್ತೈತೆ. ಇವರದ್ದು ಬರೀ ಬಾಯಿ ಅಂತ ಗೊತ್ತಾಗಿಬಿಡ್ತೈತೆ."

ಸಂತೆಪೇಟೆ ಕಡೆ ಬಟ್ಟೆ ಅಂಗಡಿ ಇಟ್ಟಿರುವ ಸಾಬರ ಮನೆಯ ಅಂಗಳದಲ್ಲಿ ಒಂದು ಸೀಬೆ ಮರ ಹೀಗೇ ಸತಾಯಿಸುತ್ತಿತ್ತು. ಮಾವ, ಅತ್ತೆ ಇಬ್ಬರೂ ಹೋದರು. ಸಾಬರು ಮಾಡಿದ ತಪ್ಪೆಂದರೆ ಇದು ನಾಟಕ ಎಂದು ತಮ್ಮ ವಯಸ್ಸಾದ ತಾಯಿಗೆ ಹೇಳದೆ ಇದ್ದದ್ದು. ಮಾವ ಮಚ್ಚು ಎತ್ತಿ ಅಬ್ಬರಿಸಿದರು ನೋಡಿ, ಒಳಗಿನಿಂದ ಮುದುಕಮ್ಮ "ಯಾ ಅಲ್ಲಾ! ಬ್ಯಾಡ ಬೇಟಾ, ನಮ್ಮ ಮನೆಯೋರು ಹಾಕಿದ ಗಿಡ!" ಎಂದು ಓಡಿ ಬಂದು ಮಾವನ ರಟ್ಟೆ ಹಿಡಿದು ಜೋತುಬಿದ್ದರು. ಅತ್ತೆಗೆ ಸಿಟ್ಟು ಬಂತು. "ಅಲ್ರೀ ಅಮ್ಮಾ, ನನ್ನ ಮಾತು ನೀವು ಹೇಳಿಬಿಟ್ರಲ್ಲ!"

ಆ ವರ್ಷ ಮರ ಕೊಂಬೆ ಬಾಗುವಷ್ಟು ಬಿಟ್ಟಿತು. ಯಾರ ಜಾಮೀನಿಗೆ ಬಿಟ್ಟಿತು ಅನ್ನುವ ಬಗ್ಗೆ ಅತ್ತೆಗೂ ಆ ಅಮ್ಮನಿಗೂ ಇವತ್ತಿಗೂ ಇತ್ಯರ್ಥವಾಗಿಲ್ಲ.

ಇಷ್ಟೆಲ್ಲ ಕೀರ್ತಿಯ ಮಾವನ ಹಿತ್ತಿಲಲ್ಲೇ ಒಂದು ಅವಮಾನ ಬೆಳೆದು ನಿಂತಿತ್ತು. ಅದೇ ಈ ಹಲಸಿನ ಮರ. ಅತ್ತೆ ತಮ್ಮ ತವರು ಮತ್ತೋಡಿನಿಂದ ಹಣ್ಣು ತಂದು ತಿಂದು, ಬೀಜ ಹಾಕಿದ್ದು. ಮಹಡಿ ಎತ್ತರ ಬೆಳೆಯಿತು, ಎಲೆ ಉದುರಿಸಿತು, ಕಾಗೆಗಳಿಗೆ ಜಾಗ ಕೊಟ್ಟಿತು. ಕಾಯಿ ಮಾತ್ರ ಒಂದೂ ಇಲ್ಲ! ವರ್ಷ ವರ್ಷವೂ ಅಮಾವಾಸ್ಯೆಗೆ ಮಾವ ಮಚ್ಚು ಎತ್ತುವುದು, ಅತ್ತೆ ಜಾಮೀನು ನಿಲ್ಲುವುದು ನಡೆದೇ ಇತ್ತು. "ಊರ ಮರ ಎಲ್ಲಾ ನಿಮ್ಮ ಮಾತು ಕೇಳ್ತವೆ, ಮನೇದು ಕೇಳಲ್ವಲ್ಲ" ಎಂದು ಬೆಂಚಿನ ಮೇಲಿನವರು ಕಿಚಾಯಿಸಿದರೆ, "ತವರಿನ ಕಡೇದಲ್ವಾ, ಸಲಿಗೆ ಜಾಸ್ತಿ" ಎಂದು ಮಾವ ಒಳಗಡೆ ಕೇಳಿಸುವಂತೆ ಹೇಳುತ್ತಿದ್ದರು. ಒಳಗಿನಿಂದ ಅತ್ತೆಯ ಉತ್ತರ ತಪ್ಪದೆ ಬರುತ್ತಿತ್ತು. ಆ ಉತ್ತರಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಯಲ್ಲಿ ಬಿದ್ದರು. ಲಕ್ವ ಹೊಡೆದಿತ್ತು. ದಾವಣಗೆರೆಗೆ ಕರೆದುಕೊಂಡು ಹೋದೆವು. ಜೀವ ಉಳಿಯಿತು, ಬಲಗೈ ಬಲಗಾಲು ಸೋತವು, ಮಾತು ಪೂರಾ ಹೋಯಿತು. ನಾವು ಹೇಳಿದ್ದು ಅವರಿಗೆ ತಿಳಿಯುತ್ತಿತ್ತು, ತಿರುಗಿ ಹೇಳಲು ಬಾಯಿಗೆ ಏನೂ ಬರುತ್ತಿರಲಿಲ್ಲ.

ಡಾಕ್ಟರ ಮುಂದೆ ಮಾವ ಕೈಕಟ್ಟಿ ನಿಂತಿದ್ದರು, ತಮ್ಮ ಜಗಲಿಗೆ ಬರುವವರ ಹಾಗೇ. "ದಿನಾ ಏನು ಕೊಡ್ಬೇಕು ಸಾರ್? ಬಿಸಿಲಿಗೆ ಕೂರಿಸ್ಬಹುದಾ? ಮಾತು ಎಷ್ಟು ದಿನಕ್ಕೆ ಬರ್ತೈತೆ?"

"ಹೇಳೋಕಾಗಲ್ಲ. ಮಾತಾಡಿಸ್ತಾ ಇರಿ. ಕಾಯ್ಬೇಕು" ಎಂದರು ಡಾಕ್ಟರು.

ತಮ್ಮ ಮಾತೇ ತಮಗೆ ಸಿಕ್ಕಾಗ ಮಾವನ ಮುಖ ನೋಡಲಾಗಲಿಲ್ಲ. ಊರಿಗೆ ಬಂದವರೇ ಜಗಲಿಯ ಬೆಂಚನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟರು. ಸಾಬರು ಬುಟ್ಟಿ ತುಂಬ ಸೀಬೆಹಣ್ಣು ತಂದು, ಮಾತಿಗೆಂದು ಮನೆಯ ಕರಿಬೇವಿಗೆ ಹುಳ ಬಿದ್ದದ್ದನ್ನು ಕೇಳಿದರೆ, "ನಂಗೊತ್ತಿಲ್ಲ ಭಾಯ್" ಎಂದುಬಿಟ್ಟರು. ಮಾವನ ಬಾಯಲ್ಲಿ ಆ ಮಾತನ್ನು ನಾನು ಅದೇ ಮೊದಲು ಕೇಳಿದ್ದು.

ಮಾತಾಡಿಸಲು ಎಲ್ಲರೂ ಪ್ರಯತ್ನಪಟ್ಟೆವು. "'ನೀರು' ಅನ್ರಿ ಅತ್ತೆ. 'ಅನ್ನ' ಅನ್ರಿ." ಅತ್ತೆ ನಮ್ಮ ಬಾಯಿಯನ್ನೇ ನೋಡಿ, ತುಟಿ ಅಲ್ಲಾಡಿಸಿ, ಆಮೇಲೆ ಅತ್ತುಬಿಡುತ್ತಿದ್ದರು. ತಿಂಗಳುಗಳು ಹೀಗೇ ಕಳೆದವು.

ವರ್ಷಕ್ಕೊಮ್ಮೆ ಮರ ಹೆದರಿಸುವ ಆ ಅಮಾವಾಸ್ಯೆಯ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಗಂಜಿ ಕುಡಿಸುತ್ತಿದ್ದೆ. ಮಾವ ಮಚ್ಚು ಹಿಡಿದು ಬಂದರು. ಮುಖ ನೋಡಿ ನನಗೆ ಭಯವಾಯಿತು. ನಾಟಕದ ಮುಖ ಅದಲ್ಲ. "ಇಷ್ಟು ವರ್ಷ ಅವಳು ನಿನಗೋಸ್ಕರ ನಿಂತ್ಕಂಡ್ಲಲ್ಲೋ. ನೀನು ಅವಳಿಗೇನು ಮಾಡ್ದೆ? ಇವತ್ತು ನಿನ್ನ ಬಿಡಲ್ಲ" ಎಂದು ಮಚ್ಚು ಎತ್ತಿದರು.

ಅಡ್ಡ ಬರುವವರು ಯಾರೂ ಇರಲಿಲ್ಲ. ನಾನೇ ಜಾಮೀನು ಎನ್ನೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಗಂಜಿ ಲೋಟ ಕೆಳಗೆ ಬಿತ್ತು. ಅತ್ತೆ ಎಡಗೈಯಲ್ಲಿ ಅದನ್ನು ತಳ್ಳಿ ಮುಂದಕ್ಕೆ ಬಾಗಿದ್ದರು.

"ಬ್ಯಾ... ಬ್ಯಾಡ್ರಿ."

ಮಾವನ ಕೈ ಮೇಲೇ ನಿಂತಿತು. ತಿರುಗಿ ನೋಡಲಿಲ್ಲ. ಮರದ ಕಡೆಗೇ ಮುಖ ಮಾಡಿ, ಒಡೆದ ದನಿಯಲ್ಲಿ ತಮ್ಮ ಸರದಿಯ ಮಾತು ಹೇಳಿದರು: "ನೀನು ಜಾಮೀನಾ?"

"ಹೂಂ... ನಾ" ಎಂದ ಅತ್ತೆ ಎಡಗೈ ಎದೆಯ ಮೇಲೆ ಇಟ್ಟುಕೊಂಡರು. ಮಾವ ಮಚ್ಚು ಬಿಸಾಕಿ ಮರದ ಬುಡದಲ್ಲಿ ಕೂತು ಮಕ್ಕಳ ಹಾಗೆ ಅತ್ತರು. ನನಗೂ ಅಳು ಬಂತು. ನಗುತ್ತಿದ್ದವರು ಅತ್ತೆಯೊಬ್ಬರೇ.

ಅವತ್ತಿನಿಂದ ಹಿತ್ತಿಲಲ್ಲಿ ದಿನಾ ಅಮಾವಾಸ್ಯೆ. ಬೆಳಿಗ್ಗೆ ಕಾಫಿ ಆದ ಕೂಡಲೇ ಅತ್ತೆಯ ಕುರ್ಚಿ ಮರದೆದುರು, ಮಾವನ ಕೈಯಲ್ಲಿ ಮಚ್ಚು. ಮೊದಮೊದಲು ಬರೀ 'ಬ್ಯಾಡ್ರಿ' ಇತ್ತು, ಆಮೇಲೆ 'ಕಡೀಬ್ಯಾಡ್ರಿ' ಬಂತು. ಯುಗಾದಿ ಹೊತ್ತಿಗೆ 'ಈ ವರ್ಷ ಬಿಡ್ತೈತೆ' ಎನ್ನುವವರೆಗೆ ಬಂದರು. ಮೊನ್ನೆ "ಸಾಕು ಮುಚ್ರಿ ಬಾಯಿ, ತಿಂಡಿ ತಿನ್ರಿ" ಎಂಬ ಹೊಸ ವಾಕ್ಯವನ್ನೇ ಸೇರಿಸಿದ್ದಾರೆ. ಮಾವ ಅದನ್ನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದು, ಬೆಂಚನ್ನು ಮತ್ತೆ ಬೀದಿಯ ಕಡೆ ತಿರುಗಿಸಿಟ್ಟರು.

ಹಲಸು ಈ ವರ್ಷವೂ ಬಿಟ್ಟಿಲ್ಲ. ನಿನ್ನೆ ನಾನು ಸುಮ್ಮನಿರಲಾರದೆ ಕೇಳಿದೆ: "ಅಲ್ಲ ಮಾವ, ಪದೇ ಪದೇ ಹೆದರಿಸಿದ್ರೆ ಮರ ಮೊಂಡು ಬೀಳ್ತೈತೆ ಅಂತಿದ್ರಿ. ದಿನಾ ಹೆದರಿಸ್ತೀರಲ್ಲ, ಇನ್ನು ಯಾವತ್ತೂ ಕಾಯಿ ಬಿಡಲ್ಲ ನೋಡ್ರಿ."

ಮಾವ ಅತ್ತೆಯ ಕಾಲಿನ ಮೇಲೆ ಬಿಸಿಲು ಬೀಳುವಂತೆ ಕುರ್ಚಿಯನ್ನು ಸ್ವಲ್ಪ ಸರಿಸಿದರು. ಮಚ್ಚನ್ನು ಎತ್ತಿಕೊಂಡರು.

"ಬೀಳ್ಲಿ ಬಿಡವ್ವ" ಎಂದರು. "ಯಾರಿಗೆ ಬೇಕಾಗೈತೆ ಹಲಸಿನ ಹಣ್ಣು?"