ತಾರಸಿಗೆ ಲಾರಿ ಬರುವುದಿಲ್ಲ

"ಈ ಬೇಸಿಗೇಲಿ ಕರೆಂಟು ಬಿಲ್ಲನ್ನ ಅರ್ಧಕ್ಕೆ ಇಳಿಸ್ದೇ ಇದ್ರೆ ನನ್ನ ಹೆಸರು ಬದಲಾಯಿಸಿ!" ಎಂದು ಗೆರೆಯಣ್ಣ ಎದೆ ತಟ್ಟಿಕೊಂಡಿದ್ದ. ಬದಲಾಯಿಸೋಣ ಎಂದರೆ ಅವನ ನಿಜವಾದ ಹೆಸರು ಯಾರಿಗೆ ನೆನಪಿತ್ತು ಹೇಳಿ! ಇಪ್ಪತ್ತು ವರ್ಷದಿಂದ ರಸ್ತೆಯ ಮೇಲೆ ಬಿಳಿ ಗೆರೆ ಎಳೆಯುತ್ತಾ ಬಂದವನಿಗೆ ಬೀದಿಯವರೇ ಇಟ್ಟ ಹೆಸರು ಅದು.

ಹೆಂಡತಿ ದೊಡ್ಡಾಸ್ಪತ್ರೆಯ ನರ್ಸು. ಒಂಬತ್ತು ವರ್ಷದಿಂದ ರಾತ್ರಿ ಪಾಳಿ. ಉರಿಬಿಸಿಲಲ್ಲಿ ಮಲಗಬೇಕಾದವಳಿಗೆ ಏಸಿ ಬೇಕೇ ಬೇಕು, ಏಸಿ ಹಾಕಿದರೆ ಮೀಟರಿನ ಜೊತೆ ಇವನ ತಲೆಯೂ ತಿರುಗುತ್ತಿತ್ತು. ಈಗ ತುರ್ತು ವಾರ್ಡಿನ ಮುಖ್ಯ ನರ್ಸಿನ ಜಾಗ ಖಾಲಿಯಾಗಿತ್ತು. ಸಿಕ್ಕಿದರೆ ಹಗಲು ಡ್ಯೂಟಿ, ರಾತ್ರಿ ಎಲ್ಲರ ಹಾಗೆ ನಿದ್ದೆ. ಅದರ ಸಂದರ್ಶನದ ದಿನ ಬಂತು, ಮಧ್ಯಾಹ್ನ ಎರಡೂವರೆಗೆ. ಬೆಳಿಗ್ಗೆ ಪಾಳಿ ಮುಗಿಸಿ ಬಂದವಳು ಕಡುನೀಲಿ ಉಡುಪನ್ನು ಇಸ್ತ್ರಿ ಮಾಡಿ ತೂಗುಹಾಕಿ, ಸಾಯುತ್ತಾ ಬಂದಿದ್ದ ಫೋನನ್ನು ಚಾರ್ಜಿಗೆ ಸಿಕ್ಕಿಸಿ, "ರೀ, ಒಂದೂವರೆಗೆ ಅಲಾರಂ ಇಟ್ಟಿದ್ದೀನಿ. ಆದ್ರೂ ನೀವೊಂದು ಸಲ ಕೂಗಿಬಿಡಿ," ಎಂದು ಹೇಳಿ ಮಲಗಿದಳು.

"ನಾನಿಲ್ವೇನೇ?" ಎಂದ ಗೆರೆಯಣ್ಣ. ಅವನಿಗೆ ಅವತ್ತು ರಜೆ. ಅನಾಹುತದ ಮೂಲವೇ ಆ ರಜೆ.

ವಾರವಿಡೀ ಅವನು ಮನೆಯನ್ನು ಕೋಟೆ ಮಾಡಿದ್ದ. ತಂಪು ಸೋರದ ಹಾಗೆ ಮಲಗುವ ಕೋಣೆಯ ಕಿಟಕಿ ಸಂದುಗಳಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದ್ದ. ಮುಂಬಾಗಿಲಿಗೆ ಬಿಸಿಲು ತಾಗದಿರಲಿ ಎಂದು ಹೊರಗಿನಿಂದ ದಪ್ಪ ಫೋಮು ಹೊದಿಸಿದ್ದ. ಹಗಲೂ ರಾತ್ರಿ ಕೆಂಪಗೆ ಮಿಣುಕುತ್ತಿದ್ದ ಕಾಲಿಂಗ್ ಬೆಲ್ಲಿನ ತಂತಿಯನ್ನೇ ಕಿತ್ತಿದ್ದ. ಅಂದು ಬೆಳಿಗ್ಗೆ ಕೂಡ, ಹೆಂಡತಿ ಗೊರಕೆ ಶುರು ಮಾಡಿದ ಮೇಲೆ, ಕಳ್ಳ ಹೆಜ್ಜೆಯಲ್ಲಿ ಮನೆಯೆಲ್ಲ ಸುತ್ತಿ, ಸುಮ್ಮನೆ ಕರೆಂಟು ಕುಡಿಯುತ್ತಾ ಕೂತ ಪ್ಲಗ್ಗುಗಳನ್ನೆಲ್ಲ ಒಂದೊಂದಾಗಿ ಕಿತ್ತು, ಬಿಸಿಲನ್ನು ವಾಪಸ್ಸು ಕಳಿಸುವ ಬಿಳಿ ಪೇಂಟಿನ ಡಬ್ಬ ಹೊತ್ತು ತಾರಸಿಗೆ ಹತ್ತಿದ. ತನ್ನ ಫೋನಿಗೆ ಪೇಂಟು ತಾಗೀತೆಂದು ಅದನ್ನು ಕೆಳಗೇ ಬಿಟ್ಟ.

ಗೆರೆ ಎಳೆಯುವವರ ಅಭ್ಯಾಸವೇ ಬೇರೆ. ಶುರು ಮಾಡಿದ ಕಡೆಗೆ ಅವರು ತಿರುಗಿ ಹೋಗುವ ಮಾತೇ ಇಲ್ಲ. ಗೆರೆ ಎಲ್ಲಿ ಮುಗಿಯಿತೋ ಅಲ್ಲಿಗೇ ಲಾರಿ ಬಂದು ಹತ್ತಿಸಿಕೊಂಡು ಹೋಗುತ್ತದೆ. ಗೆರೆಯಣ್ಣ ಅದೇ ಶಿಸ್ತಿನಲ್ಲಿ ಮೆಟ್ಟಿಲ ಬಾಗಿಲಿನಿಂದ ಶುರು ಮಾಡಿ, ರೋಲರ್ ಎಳೆದುಕೊಂಡು ಹಿಂದೆ ಹಿಂದೆ ಸರಿದ. ಒಂದೂಕಾಲಿಗೆ ಬೆನ್ನು ಮೂಲೆಯ ಮೋಟು ಗೋಡೆಗೆ ತಾಗಿತು. ಬೆವರು ಒರೆಸಿಕೊಂಡು ತಲೆಯೆತ್ತಿದರೆ ಎದುರಿಗೆ ಹಾಲಿನ ಕೆರೆ! ಆಚೆ ದಡದಲ್ಲಿ ಮೆಟ್ಟಿಲು. ಆರು ತಾಸು ಕಾಲಿಡಬಾರದು ಎಂದು ಡಬ್ಬದ ಮೇಲೆ ಬರೆದಿತ್ತು.

ಹೋಗಲಿ, ಅಲಾರಂ ಇದೆಯಲ್ಲ ಎಂದುಕೊಂಡ. ಆಗ ನೆನಪಾಯಿತು, ಬೆಳಿಗ್ಗೆ ಕಿತ್ತ ಪ್ಲಗ್ಗುಗಳಲ್ಲಿ ಅವಳ ಚಾರ್ಜರೂ ಒಂದು. ಆ ಫೋನು ಇಷ್ಟು ಹೊತ್ತಿಗೆ ಸತ್ತು ಮಲಗಿರುತ್ತದೆ. ಗೆರೆಯಣ್ಣನ ಕೈಕಾಲು ತಣ್ಣಗಾದವು. ಅಷ್ಟು ಬಿಸಿಲಲ್ಲಿ ತಣ್ಣಗಾದದ್ದು ಅವೆರಡೇ. ಪೇಂಟು ಮಾತ್ರ ಕಂಪನಿಯವರು ಹೇಳಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಬಿಸಿಲನ್ನೆಲ್ಲ ವಾಪಸ್ಸು ಅವನ ಮುಖಕ್ಕೇ ಕಳಿಸುತ್ತಿತ್ತು.

ಗೋಡೆಯ ಮೇಲಿಂದ ಬಗ್ಗಿ, ಸರಿಯಾಗಿ ಮಲಗುವ ಕೋಣೆಯ ಕಿಟಕಿಯ ಕಡೆಗೆ, ಗಂಟಲು ಹರಿಯುವ ಹಾಗೆ ಕೂಗಿದ. ಬೀದಿಯ ನಾಯಿಗಳೆಲ್ಲ ಎದ್ದವು, ಹೆಂಡತಿ ಏಳಲಿಲ್ಲ. ರಬ್ಬರ್ ಪಟ್ಟಿಯನ್ನು ಅವನು ಅಷ್ಟು ಮುತುವರ್ಜಿಯಿಂದ ಅಂಟಿಸಿದ್ದ!

ಎದುರು ಮನೆಯ ಟೈಲರಮ್ಮ ಏನು ಗಲಾಟೆ ಎಂದು ಹೊರಗೆ ಬಂದರು. ಪಾಪ, ಇವನು ಕೈಮುಗಿದು ಬೇಡಿಕೊಂಡದ್ದಕ್ಕೆ ಬಂದು ಬೆಲ್ಲನ್ನೂ ಒತ್ತಿದರು, ಬಾಗಿಲನ್ನೂ ಬಡಿದರು. ಆಮೇಲೆ ಸೊಂಟಕ್ಕೆ ಕೈಕೊಟ್ಟು ಮೇಲೆ ನೋಡಿದರು. "ಬೆಲ್ಲಿಗೆ ಜೀವ ಇಲ್ಲ, ಬಾಗಿಲು ಬಡಿದ್ರೆ ಹಾಸಿಗೆ ಬಡಿದ ಹಾಗಾಗುತ್ತೆ. ಇದೇನು ಮನೆನೋ, ಪೆಟ್ಟಿಗೆನೋ?"

ಎಷ್ಟು ಗಂಟೆಯಾಯಿತು ಎಂದು ಇವನು ಕೇಳಿದ. ಎರಡಾಗಲು ಐದು ನಿಮಿಷ ಎಂದರು.

ಒಂದು ಕಡೆ ಮೂರು ತಾಸಿನ ಬೆವರು, ಕಲೆಯಿಲ್ಲದ ಬಿಳುಪು. ಇನ್ನೊಂದು ಕಡೆ ಅವಳ ಒಂಬತ್ತು ವರ್ಷದ ರಾತ್ರಿಗಳು. ಇದರಲ್ಲೂ ಇಷ್ಟು ಹೊತ್ತು ಲೆಕ್ಕ ಹಾಕುತ್ತಾ ನಿಂತೆನಲ್ಲ ಎಂದು ಅವನಿಗೇ ನಾಚಿಕೆಯಾಯಿತು. ಕಣ್ಣು ಮುಚ್ಚಿ ಓಡಿದ. ನಾಲ್ಕನೇ ಹೆಜ್ಜೆಗೆ ಜಾರಿ, ಅಂಗಾತ ಬಿದ್ದು, ಬೋರಲಾಗಿ ಎದ್ದು, ಅಂಬೆಗಾಲಿಟ್ಟು ಮೆಟ್ಟಿಲು ಮುಟ್ಟಿದ.

ಮಲಗುವ ಕೋಣೆಗೆ ನುಗ್ಗಿ, "ಏಳೇ!" ಎಂದು ಕಿರುಚಿದ. ಹೆಂಡತಿ ಕಣ್ಣುಬಿಟ್ಟಳು. ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿ ನಡುಗುತ್ತಿದ್ದವನನ್ನು ಕಂಡವಳೇ ಅವನ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದಳು.

"ಉಸಿರು ಎಳ್ಕೊಳ್ಳಿ. ನೋವು ಎಲ್ಲಿದೆ?"

"ನನಗೇನೂ ಆಗಿಲ್ಲ ಕಣೇ! ಗಂಟೆ ಎರಡಾಯ್ತು!"

ಹತ್ತೇ ನಿಮಿಷದಲ್ಲಿ ಅವಳು ಮುಖ ತೊಳೆದು, ಉಡುಪು ತೊಟ್ಟು, ಸ್ಕೂಟರ್ ಹತ್ತಿದಳು. ಅಷ್ಟು ಹೊತ್ತೂ ಇವನು ಹಿಂದೆ ಹಿಂದೆಯೇ ಸುತ್ತುತ್ತಾ ಪ್ಲಗ್ಗಿನಿಂದ ತಾರಸಿಯವರೆಗೆ ನಡೆದದ್ದನ್ನೆಲ್ಲ ಒಪ್ಪಿಸಿದ. ಕೊನೆಗೆ, "ಹೆದರ್ಬೇಡ, ನಿನಗೇ ಸಿಗುತ್ತೆ," ಎಂದು ಅವಳ ಬೆನ್ನು ತಟ್ಟಿ ಕಳಿಸಿದ. ಅವಳು ಬೀದಿಯ ತಿರುವು ದಾಟುವಾಗ ಕಡುನೀಲಿ ಬೆನ್ನಿನ ಮೇಲೆ ಅವನ ಐದೂ ಬೆರಳು ಬೆಳ್ಳಗೆ ಎದ್ದು ಕಂಡವು. ಕೂಗಿದರೆ ಹೆಲ್ಮೆಟ್ಟು, ಫೋನು ಮಾಡೋಣವೆಂದರೆ ಅದು ಸತ್ತಿದೆ.

ಸಂಜೆವರೆಗೆ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ತಾನು ಉಳಿಸಹೊರಟದ್ದೇನು, ಕಳೆದದ್ದೇನು ಎಂದು ನೆನೆದು ಅಳುವೇ ಬಂತು. ಆರು ಗಂಟೆಗೆ ಹೆಂಡತಿ ಬಂದಳು. ಚೀಲ ಇಟ್ಟು, ನೀರು ಕುಡಿದು, ಅವನ ಎದುರಿಗೇ ಕುರ್ಚಿ ಎಳೆದು ಕೂತಳು.

"ಬೆನ್ನ ಮೇಲೆ ಅದೇನು ಕೈ ಅಂತ ಕೇಳಿದ್ರು," ಎಂದಳು.

ಗೆರೆಯಣ್ಣ ನೆಲ ನೋಡಿದ. "ಏನಂದೆ?"

"ಇದ್ದದ್ದನ್ನ ಇದ್ದ ಹಾಗೇ ಹೇಳಿದೆ. ಪ್ಲಗ್ಗು, ಪಟ್ಟಿ, ಬೆಲ್ಲು, ತಾರಸಿ, ಎಲ್ಲಾ. ಅವರು ಬೇರೆ ಪ್ರಶ್ನೆನೇ ಕೇಳಲಿಲ್ಲ."

"ಹಾಗಾದ್ರೆ ಹೋಯ್ತಾ?"

"ಇಲ್ಲ, ಸಿಕ್ತು. ದೊಡ್ಡ ಡಾಕ್ಟರಮ್ಮ ಅಲ್ಲೇ ಸಹಿ ಹಾಕಿದ್ರು. ಏನಂದ್ರು ಗೊತ್ತಾ? 'ಇಂಥವರನ್ನ ಮನೇಲಿಟ್ಕೊಂಡು ಒಂಬತ್ತು ವರ್ಷ ತಾಳ್ಮೆಯಿಂದ ಕೆಲಸಕ್ಕೆ ಬಂದಿದ್ದಾರೆ. ತುರ್ತು ವಾರ್ಡು ಇವರಿಗೆ ವಿಶ್ರಾಂತಿ ಇದ್ದ ಹಾಗೆ' ಅಂದ್ರು."